ಕುಂಬಳಕಾಯಿ ಹೊತ್ತ ಉಕ್ಕು

ಪಟ್ಟಾಭಿರಾಮನ ನೌಕರಿ ಕಾಯಂ ಆಗುವುದೂ ಬಿಡುವುದೂ ಬೆರಳುಗಾತ್ರದ ಒಂದು ಉಕ್ಕಿನ ಸರಳನ್ನು ಅವಲಂಬಿಸಿತ್ತು. ಆಯುಧಪೂಜೆಯ ಬೆಳಿಗ್ಗೆ ಯಾರೋ ಅದನ್ನು ಎಳೆಯುವ ಯಂತ್ರಕ್ಕೆ ಬೂದುಗುಂಬಳಕಾಯಿ ಕಟ್ಟಿದ್ದರು.

ಪೀಣ್ಯದ ಆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬಾಯ್ಲರ್ ಕೊಳವೆಯ ಉಕ್ಕನ್ನು ಕುಲುಮೆಯಲ್ಲಿ ಐನೂರೈವತ್ತು ಡಿಗ್ರಿಗೆ ಕಾಯಿಸಿ, ಸನ್ನೆಕೋಲಿನ ತುದಿಗೆ ತೂಕ ಹೇರಿ, ತಿಂಗಳುಗಟ್ಟಲೆ ಎಳೆಯುತ್ತಿದ್ದರು. ಕಾದ ಉಕ್ಕು ಆ ಎಳೆತಕ್ಕೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹಿಗ್ಗುತ್ತದೆ. ಕೊನೆಗೊಂದು ದಿನ ಬಿರುಕುಬಿಟ್ಟು ತುಂಡಾಗುತ್ತದೆ. ಎಷ್ಟು ಹಿಗ್ಗಿತೆಂದು ಡಯಲ್ ನೋಡುವುದು ಪಟ್ಟಾಭಿರಾಮನ ಕೆಲಸ. ಈ ಸರಳು ನಾಳೆಯವರೆಗೆ ಉಳಿದರೆ ವರ್ಷದ ಪರೀಕ್ಷೆ ಮುಗಿದಂತೆ, ಅವನೂ ಕಾಯಂ.

"ಯಾರ್ರೀ ಇದನ್ನ ಕಟ್ಟಿದ್ದು? ಸನ್ನೆಕೋಲಿನ ತುದೀಲಿ ಐದು ಕೆಜಿ ಕಾಯಿ ಅಂದ್ರೆ ಸರಳಿನ ಮೇಲೆ ಹತ್ತು ಪಟ್ಟು, ಐವತ್ತು ಕೆಜಿ ಬೀಳುತ್ತೆ ಕಣ್ರೀ," ಎಂದ ಪಟ್ಟಾಭಿರಾಮ.

"ನಾನೇ," ಎಂದ ಲೇತ್ ವಿಭಾಗದ ಗೋಪಾಲಪ್ಪ. "ಮಂಗಳಾರತಿ ಆಗೋ ತನಕ ಮುಟ್ಟೋ ಹಾಗಿಲ್ಲ ಗುರು. ಎಲ್ಲಾ ಮಿಷಿನ್ನಿಗೂ ಪೂಜೆ ಆಗ್ಬೇಕಾದ್ರೆ ಇದೇನು ಮಲಮಗುನಾ?"

"ಪುರೋಹಿತರು ಯಾವಾಗ ಬರ್ತಾರೆ?"

"ರಾಜಗೋಪಾಲನಗರದಲ್ಲಿ ಇನ್ನೂ ನಾಲ್ಕೈದು ಶೆಡ್ ಮುಗಿಸ್ಬೇಕಂತೆ."

ಹೆರಿಗೆ ವಾರ್ಡಿನ ಹೊರಗೆ ಕೂತ ಗಂಡನಂತೆ ಪಟ್ಟಾಭಿರಾಮ ಡಯಲಿನ ಮುಂದೆ ಕೂತ. ಸ್ಟೋರಿನ ಸೊಣ್ಣಪ್ಪ ಮಂಡಕ್ಕಿ ಮೆಲ್ಲುತ್ತಾ ಬಂದು ಬಂದು, "ಅಲ್ಲಾಡ್ತಾ ಮಗಾ?" ಎಂದು ಕೇಳಿ ಹೋಗುತ್ತಿದ್ದ.

ಮುಳ್ಳು ಅಲ್ಲಾಡಲಿಲ್ಲ. ಮಧ್ಯಾಹ್ನ ಕಳೆದರೂ ಅಲ್ಲಾಡಲಿಲ್ಲ. ಪಟ್ಟಾಭಿರಾಮನ ಭಯ ಕರಗಿ ಕುತೂಹಲ ಹುಟ್ಟಿತು. ಗಾಜನ್ನು ಉಗುರಿನಿಂದ ತಟ್ಟಿ ನೋಡಿದ. ಕುಲುಮೆಯ ಬಿಸಿ ಸರಿಯಾಗಿತ್ತು, ಕಾಯಿಯೂ ನೇತಾಡುತ್ತಿತ್ತು. ಯೋಚಿಸಿದರೆ ಎರಡು ವಾರದಿಂದಲೂ ಮುಳ್ಳು ಕದಲಿರಲಿಲ್ಲ. ಹಾಗಾದರೆ ಇದೆಂಥ ಉಕ್ಕು?

ಮುಖ್ಯಸ್ಥರಾದ ವೆಂಕಟೇಶಪ್ಪನವರೇ ಬಂದು ಬಗ್ಗಿ ನೋಡಿದರು. "ಐವತ್ತು ಕೆಜಿ ಜಾಸ್ತಿ ಬಿದ್ರೂ ಜಗ್ಗಲಿಲ್ವೇನ್ರೀ? ಭಲೆ. ನಾಳೆ ಯಾಕೆ, ಮಂಗಳಾರತಿ ಆಗ್ತಿದ್ದ ಹಾಗೇ ನಿಮ್ಮ ಕಾಯಂ ಆರ್ಡರ್ ಟೈಪ್ ಮಾಡಿಸ್ತೀನಿ."

ಅಷ್ಟರಲ್ಲಿ ಪುರೋಹಿತರು ಬಂದರು. ಆರತಿ ತಟ್ಟೆ ಎತ್ತರದಲ್ಲಿಡಲು ಏನಾದರೂ ಬೇಕೆಂದರು. ಕಸ ಗುಡಿಸುವ ಪಿಳ್ಳಮ್ಮ, ತೂಕಗಳಿಗೆ ಯಾರೂ ತಾಗದಂತೆ ಸುತ್ತಲೂ ಇಟ್ಟಿದ್ದ ಮರದ ಪೆಟ್ಟಿಗೆಯ ಬಾಗಿಲು ತೆಗೆದು ಒಳಗಿನಿಂದ ಏನನ್ನೋ ಜಗ್ಗತೊಡಗಿದಳು.

"ಏನಮ್ಮಾ ಎಳೀತಿದೀಯಾ?" ಎಂದ ಪಟ್ಟಾಭಿರಾಮ.

"ಇಟ್ಟಿಗೆ ಬುದ್ಧಿ. ಪಾಪ, ಈ ತೂಕ ವರ್ಸದಿಂದ ಇಂಗೇ ನೇತಾಡ್ತಾ ಐತೆ, ಅದ್ಕೂ ಸುಸ್ತಾಗಕಿಲ್ವಾ? ಅದ್ಕೇ ಎಲ್ಡು ವಾರದ ಇಂದೆ ಅದ್ರಡೀಗೆ ಗೋಣಿಚೀಲ ಮಡಿಸಿ, ಇಟ್ಟಿಗೆ ಒತ್ತುಕೊಟ್ಟು ಕೂರ್ಸಿದ್ದೆ."

"ಬಿಡಮ್ಮಾ, ಎಳೀಬೇಡ—"

ಇಟ್ಟಿಗೆ ಅವಳ ಕೈಗೆ ಬಂತು. ತೂಕ, ಕುಂಬಳಕಾಯಿ ಎರಡೂ ಒಟ್ಟಿಗೇ ಜಗ್ಗಿದವು. ಕುಲುಮೆಯೊಳಗೆ ಸರಳು ಟಕ್ ಎಂದು ತುಂಡಾಯಿತು. ಸನ್ನೆಕೋಲು ಕುಸಿದು, ಕಾಯಿ ನೆಲಕ್ಕಪ್ಪಳಿಸಿ ಹೋಳಾಯಿತು.

"ತಾನಾಗೇ ಒಡೀತು. ದೃಷ್ಟಿ ಪೂರ್ತಿ ಹೋಯ್ತು," ಎಂದು ಗೋಪಾಲಪ್ಪ ಕೈಮುಗಿದ.

ವೆಂಕಟೇಶಪ್ಪ ಕಪಾಟಿನಿಂದ ಹೊಸ ಸರಳೊಂದನ್ನು ತಂದು ಪಟ್ಟಾಭಿರಾಮನ ಕೈಗಿಟ್ಟರು. "ನಾಳೆಯಿಂದ ಶುರು ಮಾಡಿ. ಮುಂದಿನ ಆಯುಧಪೂಜೆ ಹೊತ್ತಿಗೆ ಮುಗಿಯುತ್ತೆ. ನಿಮ್ಮ ಆರ್ಡರೂ ಆವಾಗ್ಲೇ."

ಪಿಳ್ಳಮ್ಮ ಇಟ್ಟಿಗೆಯನ್ನು ಸೆರಗಿನಿಂದ ಒರೆಸಿ, ಅದರ ಮೇಲೆ ಆರತಿ ತಟ್ಟೆಯಿಟ್ಟಳು.

"ನಾ ಅಂದಿದ್ದೇ ದಿಟ ಬುದ್ಧಿ. ಅದು ಬೋ ಸುಸ್ತಾಗಿತ್ತು."