ಪುಟ್ಟನ ಅಳತೆಯ ಕಾರು

ಬಸವೇಶ್ವರನಗರದಲ್ಲಿ ನನ್ನದೊಂದು ಪರದೆ ಅಂಗಡಿಯಿದೆ. ಕಿಟಕಿ ಪರದೆ, ಬಾಗಿಲ ಪರದೆ, ಜೊತೆಗೆ ಸೋಫಾಕ್ಕೆ ಹಾಕುವ ಫೋಮು. ರಾಜಾಜಿನಗರದಿಂದ ವಿಜಯನಗರದವರೆಗೆ ಯಾರ ಮನೆಯ ಹಾಲಿನಲ್ಲಿ ನಿಂತರೂ ಕಿಟಕಿಯ ಉದ್ದಗಲವನ್ನು ಕಣ್ಣಂದಾಜಿನಲ್ಲೇ ಹೇಳಬಲ್ಲೆ. ಆಮೇಲೆ ಟೇಪು ಹಿಡಿಯುವುದೆಲ್ಲ ಗಿರಾಕಿಯ ಸಮಾಧಾನಕ್ಕೆ. ನಾನು ಕೊಟ್ಟ ಪರದೆ ಗಿಡ್ಡವಾಯಿತೆಂದು ಯಾರೂ ವಾಪಸು ತಂದಿಲ್ಲ. ಇಂಥ ನಾನು ಒಂದು ಕಾರನ್ನು ಅಳೆದು ತರಲಾರೆನೇ? ತಂದೆ. ಅದರ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ಕಾರು ಬೇಕಾಗಿದ್ದು ನನಗಲ್ಲ, ನನ್ನ ಹೆಂಡತಿ ವಿಮಲಾಗೂ ಅಲ್ಲ. ಪುಟ್ಟ ಮತ್ತು ಚಿಕ್ಕಿಗೆ. ಇಬ್ಬರೂ ಗ್ರೇಟ್ ಡೇನ್ ಜಾತಿಯ ನಾಯಿಗಳು, ಅಣ್ಣ ತಂಗಿ. ಮನೆಗೆ ಬಂದ ಹೊಸತರಲ್ಲಿ ಒಂದೇ ತರಕಾರಿ ಬುಟ್ಟಿಯಲ್ಲಿ ಇಬ್ಬರೂ ಮಲಗುತ್ತಿದ್ದರು. ಆಗ ಇಟ್ಟ ಹೆಸರುಗಳವು. ಮುಂದೆ ಇಬ್ಬರೂ ಕರುವಿನ ಎತ್ತರಕ್ಕೆ ಬೆಳೆದರು, ಹೆಸರು ಮಾತ್ರ ಬೆಳೆಯಲಿಲ್ಲ. ವಿಮಲಾ "ಪುಟ್ಟಾ" ಎಂದು ಕರೆದಾಗ ಒಳಗಿನಿಂದ ಬಂದ ಪ್ರಾಣಿಯನ್ನು ನೋಡಿ, ಕೊರಿಯರ್‌ನವನು ಸಹಿಯನ್ನೂ ಕೇಳದೆ ಹೊರಟುಹೋದದ್ದುಂಟು!

ಆಗ ನಮ್ಮಲ್ಲಿ ಒಂದು ಹಳೆಯ ಬಿಳಿ ವ್ಯಾನಿತ್ತು. ಮುಂದೆ ಮೂತಿಯೇ ಇಲ್ಲದ, ಬ್ರೆಡ್ಡಿನ ಆಕಾರದ ವ್ಯಾನು. ಹಿಂದಿನ ಸೀಟುಗಳನ್ನು ಕಿತ್ತುಹಾಕಿ ಪರದೆ ಬಟ್ಟೆಯ ಥಾನುಗಳನ್ನು ಸಾಗಿಸುತ್ತಿದ್ದೆ. ಭಾನುವಾರ ಮಾತ್ರ ಅದು ನಾಯಿಗಳದು. ಕೆಂಗೇರಿಯಾಚೆ ವಿಮಲಾಳ ತಮ್ಮನದೊಂದು ಸೀಬೆ ತೋಟವಿದೆ, ಅಲ್ಲಿಗೆ ಕರೆದೊಯ್ದು ಬಿಡುತ್ತಿದ್ದೆವು. ಹೋಗುವಾಗ ಚಿಕ್ಕಿ ಹಿಂದಿನ ಗಾಜಿನಲ್ಲಿ ಊರು ನೋಡುತ್ತಿದ್ದಳು. ಪುಟ್ಟ ನನ್ನ ಬೆನ್ನ ಹಿಂದೆ ನಿಂತು, ಗದ್ದವನ್ನು ತಂದು ನನ್ನ ಎಡಭುಜದ ಮೇಲಿಟ್ಟರೆ ಮುಗಿಯಿತು, ಕೆಂಗೇರಿ ಬರುವವರೆಗೆ ಎತ್ತುತ್ತಿರಲಿಲ್ಲ. ಅಂಗಿಯ ಎಡಭಾಗವೆಲ್ಲ ಅವನ ಜೊಲ್ಲಿನಿಂದ ಒದ್ದೆಯಾಗುತ್ತಿತ್ತು. ನಾನು ಬೈಯುತ್ತಲೇ ಗಾಡಿ ಓಡಿಸುತ್ತಿದ್ದೆ. ವಾರವಿಡೀ ನಾನು ಕಾಯುತ್ತಿದ್ದದ್ದು ಆ ಭಾರಕ್ಕೇ ಎಂಬುದು ಆಗ ಗೊತ್ತಿರಲಿಲ್ಲ.

ಪುಟ್ಟನಿಗೆ ವಯಸ್ಸಾಯಿತು. ಏಳುವಾಗ ನರಳತೊಡಗಿದ. ನಾಯಿ ಡಾಕ್ಟರು ಅವನ ಬೆನ್ನನ್ನು ಒತ್ತಿ ನೋಡಿದರು.

"ಬೆನ್ನು ಸವೆದಿದೆ ಸಾರ್. ಕುಲುಕಾಟ ಆಗ್ಬಾರ್ದು. ಹಾಗಂತ ತೋಟಕ್ಕೆ ಹೋಗೋದು ನಿಲ್ಲಿಸ್ಬೇಡಿ. ಮೆತ್ತನೆ ಮಣ್ಣಲ್ಲಿ ನಡೀಲೇಬೇಕು. ನಿಲ್ಲಿಸಿದ್ರೆ ಹಿಂಗಾಲು ಸೋತೋಗುತ್ತೆ."

"ನಮ್ಮ ವ್ಯಾನು ಸ್ವಲ್ಪ ಕುಲುಕುತ್ತೆ ಡಾಕ್ಟ್ರೇ."

"ಅದಕ್ಕೇನಾದ್ರೂ ವ್ಯವಸ್ಥೆ ಮಾಡ್ಕೊಳ್ಳಿ" ಎಂದರು ಅವರು.

ವ್ಯವಸ್ಥೆ! ಈ ಒಂದು ಮಾತನ್ನು ಹಿಡಿದುಕೊಂಡು ನಾನು ಮನೆಗೆ ಬಂದೆ. ಆಗಷ್ಟೇ ಬೆಂಗಳೂರಿಗೆ ಹೈಬ್ರಿಡ್ ಕಾರು ಎಂಬ ಹೊಸ ಪದಾರ್ಥ ಕಾಲಿಟ್ಟಿತ್ತು. ಅರ್ಧ ಪೆಟ್ರೋಲು, ಅರ್ಧ ಕರೆಂಟು. ಹೊಗೆ ಕಡಿಮೆ, ಸದ್ದಿಲ್ಲ, ನೀರಿನ ಮೇಲೆ ತೇಲಿದಂತೆ ಹೋಗುತ್ತದೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಊಟಕ್ಕೆ ಕೂತಾಗ ವಿಮಲಾಗೆ ವಿಷಯವನ್ನು ಘನಗಂಭೀರವಾಗಿ ನಿವೇದಿಸಿದೆ.

"ಹೈಬ್ರಿಡ್ ಟೊಮೇಟೊ ಗೊತ್ತು ನಂಗೆ" ಎಂದಳು ಅವಳು. "ನೋಡೋಕೆ ಚೆಂದ. ಸಾರಿಗೆ ಹಾಕಿದ್ರೆ ಹುಳೀನೇ ಇರಲ್ಲ."

"ಇದು ತರಕಾರಿ ಅಲ್ಲ ಕಣೇ, ತಂತ್ರಜ್ಞಾನ!"

"ಇವೆರಡೂ ಅದ್ರಲ್ಲಿ ಹಿಡಿಸ್ತಾವಾ?"

ಕೈ ತೊಳೆದು ಬಂದು ಜೇಬಿನಿಂದ ಟೇಪು ತೆಗೆದೆ. ಪುಟ್ಟ ನೆಲದ ಮೇಲೆ ಮಲಗಿದ್ದ. ಮೂಗಿನಿಂದ ಬಾಲದ ಬುಡದವರೆಗೆ ಉದ್ದ, ನೆಲದಿಂದ ಭುಜದವರೆಗೆ ಎತ್ತರ, ಎಲ್ಲ ಅಳೆದು ಬರೆದುಕೊಂಡೆ. ಚಿಕ್ಕಿ ಟೇಪಿನ ತುದಿಯನ್ನು ಸ್ವಲ್ಪ ತಿಂದಳು. ಮಲಗಿದ ನಾಯಿಗೂ ನಿಂತ ನಾಯಿಗೂ ಎತ್ತರದಲ್ಲಿ ವ್ಯತ್ಯಾಸವಿರುತ್ತದೆಂದು ಹೊಳೆಯಲಿಲ್ಲ. ಕಿಟಕಿಗಳು ಎದ್ದು ನಿಲ್ಲುವುದಿಲ್ಲವಲ್ಲ!

ಮರುದಿನ ಷೋರೂಮಿಗೆ ಹೊರಡುವಾಗ ವಿಮಲಾ ಒಂದೇ ಒಂದು ಸಲಹೆ ಕೊಟ್ಟಳು. ಅದನ್ನು ಕೇಳಿದ್ದರೆ ಈ ಬರಹವೇ ಹುಟ್ಟುತ್ತಿರಲಿಲ್ಲ.

"ರೀ, ಪುಟ್ಟನ್ನೇ ಕರ್ಕೊಂಡ್ ಹೋಗಿ ಕೂರ್ಸಿ ನೋಡೋಣ."

"ಲೇ, ಪರದೆ ಹೊಲಿಸೋಕೆ ಯಾರಾದ್ರೂ ಕಿಟಕೀನ ಅಂಗಡಿಗೆ ಹೊತ್ಕೊಂಡ್ ಬರ್ತಾರಾ? ಅಳತೆ ಇದ್ರೆ ಸಾಕು!"

ಷೋರೂಮಿನ ಹುಡುಗ ಟೈ ಕಟ್ಟಿಕೊಂಡು ನಗುತ್ತಾ ಬಂದ. ನಾಯಿಗಳಿಗಾಗಿ ಕಾರು ಬೇಕು ಎಂದೆ. "ಸೂಪರ್ ಸಾರ್, ನಮ್ಮನೇಲೂ ಒಂದಿದೆ, ಪಮೋರಿಯನ್ನು. ಎರಡಲ್ಲ, ನಾಕು ಹಿಡಿಸ್ತವೆ ಸಾರ್" ಎಂದ. ನಾನು ಅವನ ಮಾತಿಗೆ ಮರುಳಾಗುವ ಗಿರಾಕಿಯಲ್ಲ. ಟೇಪು ಬಿಚ್ಚಿ ಹಿಂದಿನ ಬಾಗಿಲಿನ ಅಗಲ ಹಿಡಿದೆ, ಡಿಕ್ಕಿಯ ಬಾಯಿಯ ಎತ್ತರ ಹಿಡಿದೆ. ಹಿಂದಿನ ಸೀಟಿನ ಒರಗನ್ನು ಮಡಚಿಬಿಟ್ಟರೆ ಸೀಟೂ ಡಿಕ್ಕಿಯೂ ಸೇರಿ ಒಂದು ಹಾಲೇ ಆಗುತ್ತದೆಂದು ಮನಸ್ಸಿನಲ್ಲಿ ನಕ್ಷೆ ಬರೆದೆ. ಕೊನೆಗೆ ಖಾತ್ರಿಗಾಗಿ ಚಪ್ಪಲಿ ಬಿಟ್ಟು, ನಾನೇ ಹಿಂದಿನ ಸೀಟಿನ ಮೇಲೆ ಮಂಡಿಯೂರಿ ನಾಲ್ಕು ಕಾಲಿನಲ್ಲಿ ನಿಂತೆ. ಅತ್ತಿತ್ತ ತಿರುಗಿ ನೋಡಿದೆ. ಆರಾಮಾಗಿತ್ತು. ಗಾಜಿನಾಚೆ ಬೇರೆ ಗಿರಾಕಿಗಳ ಕುಟುಂಬವೊಂದು ನನ್ನನ್ನು ನೋಡಿ ಮಕ್ಕಳನ್ನು ಹತ್ತಿರ ಎಳೆದುಕೊಂಡಿತು. ವಿಮಲಾ ಯಾರೋ ಪರಿಚಯವಿಲ್ಲದವಳಂತೆ ಟೈರು ನೋಡುತ್ತಾ ನಿಂತಿದ್ದಳು.

"ಪರ್ಫೆಕ್ಟು!" ಎಂದೆ ಕಾರಿನೊಳಗಿನಿಂದ.

ಹಳೆಯ ವ್ಯಾನನ್ನು ಲಗ್ಗೆರೆಯ ಮುನಿರಾಜು ಕೊಂಡುಕೊಂಡ. ಬೇಕರಿಗಳಿಗೆ ಬನ್ನು ಸಪ್ಲೈ ಮಾಡುವ ಮನುಷ್ಯ. ಅವನು ವ್ಯಾನು ಸ್ಟಾರ್ಟ್ ಮಾಡಿದಾಗ ಪುಟ್ಟ ಒಳಗಿನಿಂದ ಬಾಲ ಅಲ್ಲಾಡಿಸುತ್ತಾ ಬಂದು ಗೇಟಿನ ಬಳಿ ನಿಂತ. ವ್ಯಾನು ಅವನನ್ನು ಬಿಟ್ಟು ತಿರುವಿನಲ್ಲಿ ಮರೆಯಾಯಿತು. ಅವನು ನನ್ನ ಮುಖ ನೋಡಿದ. ನಾನು "ಇನ್ಮೇಲೆ ನೀನು ಸಾಹೇಬ ಕಣೋ" ಎಂದು ತಲೆ ಸವರಿದೆ.

ಹೊಸ ಕಾರು ಬಂತು. ಹಾರ ಹಾಕಿ, ಕುಂಬಳಕಾಯಿ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿದೆವು. ಭಾನುವಾರ ಬೆಳಿಗ್ಗೆ ಬೀದಿಯವರೆಲ್ಲ ನೋಡುವಂತೆ ಹಿಂದಿನ ಬಾಗಿಲು ತೆರೆದು, ಸೀಟಿನ ಒರಗನ್ನು ಮಡಚಲು ಹೋದೆ. ಬರಲಿಲ್ಲ. ಜಗ್ಗಿದೆ. ಗುದ್ದಿದೆ. ವಿಮಲಾ ಸೆರಗು ಸಿಕ್ಕಿಸಿ ಒಂದು ಕೈ ಹಾಕಿದಳು. ಅಲುಗಲಿಲ್ಲ. ಷೋರೂಮಿಗೆ ಫೋನ್ ಮಾಡಿದೆ.

"ಅದು ಮಡಚಲ್ಲ ಸಾರ್" ಎಂದ ಟೈ ಹುಡುಗ. "ಅದ್ರ ಹಿಂದೆ ಬ್ಯಾಟ್ರಿ ಇದ್ಯಲ್ಲ. ಹೈಬ್ರಿಡ್ಡು ಸಾರ್."

"ಮೊದ್ಲೇ ಹೇಳೋದಲ್ವೇನ್ರೀ?"

"ನೀವು ಅಷ್ಟೊಂದು ಅಳೀತಿದ್ರಲ್ಲ ಸಾರ್, ಗೊತ್ತಿರುತ್ತೆ ಅಂದ್ಕೊಂಡೆ."

ಓಡಿಹೋಗಿ ಡಿಕ್ಕಿ ತೆರೆದು ಟೇಪು ಹಿಡಿದೆ. ಅಗಲ ಸರಿಯಿತ್ತು, ಎತ್ತರ ಸರಿಯಿತ್ತು. ಒಳಕ್ಕೆ ಕೈ ಚಾಚಿದರೆ ಮೊಣಕೈ ದಾಟುವಷ್ಟರಲ್ಲಿ ಗೋಡೆ! ಆಗ ನನ್ನ ಜೀವಮಾನದ ವಿದ್ಯೆಯ ಸಂಪೂರ್ಣ ಸ್ವರೂಪ ನನಗೆ ದರ್ಶನವಾಯಿತು. ಪರದೆಯವನಿಗೆ ಉದ್ದ ಗೊತ್ತು, ಅಗಲ ಗೊತ್ತು. ಆಳ ಅಳೆಯುವ ಪ್ರಸಂಗ ಅವನಿಗೆ ಬರುವುದೇ ಇಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬೀದಿ ನೋಡುತ್ತಿತ್ತಲ್ಲ! ಚಿಕ್ಕಿಯನ್ನು ಹಿಂದಿನ ಸೀಟಿಗೆ ಹತ್ತಿಸಿದೆ. ಸೀಟು ಭರ್ತಿಯಾಯಿತು. ಉಳಿದ ಸಂದಿಗೆ ಪುಟ್ಟನನ್ನು ತಳ್ಳಿದೆ. ಅವನ ತಲೆ ಕಾರಿನ ಚಾವಣಿಗೆ ತಗುಲಿತು, ಬೆನ್ನು ಬಿಲ್ಲಿನಂತೆ ಬಾಗಿತು. ಹಿಂಗಾಲಿಡಲು ಜಾಗವಿಲ್ಲದೆ ತಂಗಿಯ ಮೇಲೇ ಇಟ್ಟ. "ರೀ, ಬೇಡ ಇಳಿಸ್ರಿ" ಎಂದಳು ವಿಮಲಾ. "ಅಡ್ಜಸ್ಟ್ ಆಗುತ್ತೆ ಕಣೇ" ಎಂದು ಹೊರಟೆ. ಪುಟ್ಟ ಎಂದಿನಂತೆ ನನ್ನ ಭುಜಕ್ಕಾಗಿ ಗದ್ದ ಚಾಚಿದ. ಹೊಸ ಕಾರಿನ ಸೀಟಿಗೆ ತಲೆದಿಂಬು ಅಷ್ಟೆತ್ತರ. ಅವನ ಮೂಗು ಅದಕ್ಕೆ ಬಡಿದು ಹಿಂದಕ್ಕೆ ಹೋಯಿತು. ಮತ್ತೆ ಚಾಚಿದ, ಮತ್ತೆ ಬಡಿಯಿತು. ಆಮೇಲೆ ಅವನು ಪ್ರಯತ್ನಿಸಲಿಲ್ಲ.

ವಿಜಯನಗರದ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಬ್ರೇಕ್ ಒತ್ತಿದೆ. ಕಾರು ನಿಂತಿತು, ಜೊತೆಗೆ ಎಂಜಿನ್ನೂ ತಾನಾಗಿ ನಿಂತಿತು. ಪೆಟ್ರೋಲು ಉಳಿಸಲು ಅದು ಹಾಗೆ ಮಾಡುತ್ತದೆ, ಇದೇ ಅದರ ಹೆಚ್ಚುಗಾರಿಕೆ. ಆದರೆ ನನ್ನ ನಾಯಿಗಳಿಗೆ ಇಷ್ಟು ವರ್ಷ ಗೊತ್ತಿದ್ದ ಶಾಸ್ತ್ರ ಒಂದೇ: ಎಂಜಿನ್ ನಿಂತಿತೆಂದರೆ ತೋಟ ಬಂತು!

ಚಿಕ್ಕಿ ಎದ್ದೇ ಬಿಟ್ಟಳು. ಬೊಗಳಿದಳು. ಯಾರೂ ಬಾಗಿಲು ತೆರೆಯದಿದ್ದಾಗ, ಎರಡು ಮುಂದಿನ ಸೀಟುಗಳ ನಡುವಿನಿಂದ ನುಗ್ಗಿ ವಿಮಲಾಳ ತೊಡೆಯ ಮೇಲೆ ಆಸೀನಳಾದಳು. ಅವಳ ಹಿಂಭಾಗ ಹಾರ್ನಿನ ಮೇಲಿತ್ತು. ಹಾರ್ನು ಮೊಳಗಿತು! ಹಸಿರು ದೀಪ ಬಂದರೂ ನನಗೆ ಕಾಣಿಸುತ್ತಿದ್ದದ್ದು ಬಾಲ ಮಾತ್ರ. ಟ್ರಾಫಿಕ್ ಪೊಲೀಸ್ ಬಂದು ಗಾಜು ತಟ್ಟಿದ.

"ಗಾಡಿ ತೆಗೀರಿ ಸಾರ್! ಯಾಕ್ ಆಫ್ ಮಾಡಿದೀರಾ?"

"ನಾನಲ್ಲ ಸಾರ್, ಅದೇ ಆಫ್ ಆಗುತ್ತೆ. ಹೈಬ್ರಿಡ್ಡು."

ಅವನು ಚಿಕ್ಕಿಯನ್ನು ನೋಡಿದ. "ನಾಯಿ ಯಾವ್ ಜಾತಿ ಅಂತ ಕೇಳ್ಲಿಲ್ಲ ಸಾರ್ ನಾನು. ಗಾಡಿ ತೆಗೀರಿ!"

ಗಡಿಬಿಡಿಯಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ತುಳಿದೆ. ಕಾರು ಮುನ್ನುಗ್ಗಿತು. ಹಿಂದೆ ಇಳಿಯಲು ಎದ್ದು ನಿಂತಿದ್ದ ಪುಟ್ಟ ಜಾರಿ ಸೀಟಿನ ಕೆಳಗಿನ ಸಂದಿಗೆ ಬಿದ್ದ. ಬೊಗಳಲಿಲ್ಲ, ಒಂದು ಸಣ್ಣ ಕೂಗು ಹಾಕಿದ. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ.

ಅಲ್ಲಿಂದಲೇ ವಾಪಸಾದೆವು. ಆಮೇಲೆ ಪುಟ್ಟ ಆ ಕಾರು ಹತ್ತಲಿಲ್ಲ. ಬಾಗಿಲು ತೆರೆದರೆ ಮನೆಯೊಳಗೆ ಹೋಗಿ ಮಲಗುತ್ತಿದ್ದ. ಬಡಾವಣೆಯ ಪಾರ್ಕಿನಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ, ರಸ್ತೆಯೆಲ್ಲ ಡಾಂಬರು. ಭಾನುವಾರಗಳು ಬಂದವು, ಹೋದವು. ಪುಟ್ಟ ಬೆಳಿಗ್ಗೆ ಎದ್ದು ಗೇಟಿನ ಬಳಿ ಕುಳಿತು, ಬಾರದ ವ್ಯಾನಿನ ದಾರಿ ನೋಡುತ್ತಿದ್ದ. ಡಾಕ್ಟರು ಹೇಳಿದ್ದು ಹೇಳಿದ ಹಾಗೇ ಆಯಿತು, ಹಿಂಗಾಲು ಸೋಲತೊಡಗಿತು. ಅವನಿಗಾಗಿ ತಂದ ಕಾರೇ ಅವನ ಕಾಲು ಕಟ್ಟಿಹಾಕಿತ್ತು. ನನಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ಮಲಗಿದ್ದ ಪುಟ್ಟ ಕಿವಿ ನಿಮಿರಿಸಿದ. ಎದ್ದ. ಗೇಟು ತೆರೆದಿತ್ತು, ಹೊರಗೆ ಓಡಿದ! ಹಿಂದೆ ಚಿಕ್ಕಿ, ಅವಳ ಹಿಂದೆ ನಾನು, ಲುಂಗಿಯಲ್ಲಿ. ತಿರುವಿನ ಬೇಕರಿಯ ಮುಂದೆ ನಮ್ಮ ಹಳೆಯ ವ್ಯಾನು ನಿಂತಿತ್ತು. ಮುನಿರಾಜು ಹಿಂದಿನ ಬಾಗಿಲು ತೆರೆದು ಬನ್ನಿನ ಟ್ರೇ ಇಳಿಸುತ್ತಿದ್ದ. ಚಿಕ್ಕಿ ಒಂದೇ ನೆಗೆತಕ್ಕೆ ಒಳಗೆ ಹೋದಳು. ಪುಟ್ಟ ಮುಂಗಾಲುಗಳನ್ನು ಒಳಗಿಟ್ಟ. ಹಿಂಗಾಲು ಏಳಲಿಲ್ಲ. ಮೊದಲು ಇದೇ ವ್ಯಾನಿಗೆ ಅವನು ತಾನೇ ಹಾರಿ ಹತ್ತುತ್ತಿದ್ದ. ಈಗ ಹಾಗೇ ಅರ್ಧಕ್ಕೆ ನಿಂತು, ತಿರುಗಿ ನನ್ನನ್ನು ನೋಡಿದ. ನಾನು ಹಿಂದಿನಿಂದ ಎತ್ತಿ ಹತ್ತಿಸಿದೆ. ನನ್ನ ಕಣ್ಣು ಮಂಜಾಗಿತ್ತು, ಆದ್ದರಿಂದ ಅವರಿಬ್ಬರೂ ಎಷ್ಟು ಬನ್ನು ತಿಂದರೆಂದು ನಿಖರವಾಗಿ ಹೇಳಲಾರೆ.

"ಸಾರ್! ನನ್ ಬನ್ನು ಸಾರ್!" ಎಂದು ಮುನಿರಾಜು ಬಾಯಿ ಬಡಿದುಕೊಂಡ.

"ಎಲ್ಲಾ ನನ್ ಲೆಕ್ಕಕ್ಕೇ ಹಾಕ್ಕೋ ಮುನಿರಾಜು. ವ್ಯಾನು ವಾಪಸ್ ಕೊಡ್ತೀಯಾ?"

"ಆಗಲ್ಲ ಸಾರ್. ಈ ಗಾಡಿ ಬಂದ್ಮೇಲೆ ನಂಗೆ ಯಾಪಾರ ಕುದುರಿದೆ."

"ಹೋಗ್ಲಿ, ಭಾನುವಾರ ಒಂದಿನ ಕೊಡು. ನಾನೇ ಓಡಿಸ್ಕೊಂಡ್ ಹೋಗಿ ಬರ್ತೀನಿ."

ಮುನಿರಾಜು ತಲೆ ಕೆರೆದುಕೊಂಡ. "ಬೇಜಾರ್ ಮಾಡ್ಕೋಬೇಡಿ ಸಾರ್. ಗಾಡಿ ಬೇರೆಯವ್ರ ಕೈಗೆ ಕೊಡಲ್ಲ ನಾನು. ಬೇಕಾದ್ರೆ ನಾನೇ ಬರ್ತೀನಿ."

ನನ್ನ ವ್ಯಾನಿಗೆ ನಾನೇ ಬೇರೆಯವನು!

ಆಗಲೇ ನನ್ನ ಕಣ್ಣು ವ್ಯಾನಿನ ನೆಲದ ಮೇಲೆ ಬಿತ್ತು. ದಪ್ಪನೆಯ ಫೋಮು ಹಾಸಿದ್ದ. "ಇದೇನು?" ಎಂದೆ. "ಬನ್ನು ಕುಲುಕಿ ಅಪ್ಪಚ್ಚಿ ಆಗ್ಬಾರ್ದಲ್ಲ ಸಾರ್, ಅದಕ್ಕೆ. ನಿಮ್ ಅಂಗಡೀಲೇ ತಗೊಂಡಿದ್ದು" ಎಂದ. ಪುಟ್ಟ ಅದರ ಮೇಲೆ ಕಾಲು ಚಾಚಿ, ಬೆನ್ನು ನೀಡಿ, ನಿಟ್ಟುಸಿರು ಬಿಟ್ಟು ಮಲಗಿದ್ದ. ಆಮೇಲೊಂದು ದಿನ ಆ ಫೋಮನ್ನು ಡಾಕ್ಟರಿಗೆ ತೋರಿಸಿದಾಗ "ಇದೇ ವ್ಯವಸ್ಥೆ ನಾನು ಹೇಳಿದ್ದು" ಎಂದರು. ನನ್ನ ಗಲ್ಲಾಪೆಟ್ಟಿಗೆಯ ಹಿಂದೆ, ಚಾವಣಿಯವರೆಗೆ ಅದೇ ಫೋಮು ಪೇರಿಸಿಟ್ಟಿದೆ. ದಿನವೂ ಅದಕ್ಕೇ ಒರಗಿ ಕೂರುತ್ತೇನೆ.

ಈಗ ಪ್ರತಿ ಭಾನುವಾರ ನಮ್ಮ ಮೆರವಣಿಗೆ ಹೊರಡುತ್ತದೆ. ಮುಂದೆ ಹಳೆಯ ವ್ಯಾನು, ಮುನಿರಾಜು ಸಾರಥಿ. ಪಕ್ಕದಲ್ಲಿ ವಿಮಲಾ. "ನಾಯಿಗಳ ಜೊತೆ ಯಾರಾದ್ರೂ ಇರ್ಬೇಕಲ್ರೀ" ಎಂದು ಅವಳು ಮೊದಲ ವಾರವೇ ಅಲ್ಲಿ ಹತ್ತಿ ಕುಳಿತಳು. ಹಿಂದೆ ಪುಟ್ಟ, ಚಿಕ್ಕಿ. ನನಗೆ ಜಾಗವಿಲ್ಲ. ಅದೂ ಅಲ್ಲದೆ, ವಾರಕ್ಕೊಮ್ಮೆಯಾದರೂ ಓಡಿಸದಿದ್ದರೆ ಹೈಬ್ರಿಡ್ಡಿನ ಬ್ಯಾಟರಿ ಹಾಳಾಗುತ್ತದೆಂದು ಸರ್ವಿಸಿನವರು ಹೆದರಿಸಿದ್ದಾರೆ. ಆದ್ದರಿಂದ ನಾನು ಹಿಂದಿನಿಂದ, ಖಾಲಿ ಕಾರಿನಲ್ಲಿ, ಸದ್ದಿಲ್ಲದೆ, ನೀರಿನ ಮೇಲೆ ತೇಲಿದಂತೆ ಹೋಗುತ್ತೇನೆ. ಸಿಗ್ನಲ್ಲಿನಲ್ಲಿ ಎಂಜಿನ್ ನಿಲ್ಲುತ್ತದೆ. ಎದುರಿಗಿರುವ ವ್ಯಾನಿನ ಹಿಂದಿನ ಗಾಜಿನಲ್ಲಿ ಚಿಕ್ಕಿ ನನ್ನನ್ನು ನೋಡುತ್ತಾಳೆ. ಪುಟ್ಟ ಕಾಣುವುದಿಲ್ಲ, ಅವನು ಮುಂದಕ್ಕೆ ಮುಖ ಮಾಡಿ ನಿಂತಿರುತ್ತಾನೆ.

ಹೋದ ವಾರ ತೋಟದಲ್ಲಿ ಇಳಿದ ಮುನಿರಾಜು ಗೊಣಗುತ್ತಾ ಬಂದ. "ಸಾರ್, ಏನ್ ನಾಯಿ ಸಾರ್ ನಿಮ್ದು! ದಾರಿಯುದ್ದಕ್ಕೂ ಗದ್ದ ತಂದು ನನ್ ಭುಜದ್ ಮೇಲೆ ಇಕ್ತದೆ. ನೋಡಿ, ಶರ್ಟೆಲ್ಲಾ ಜೊಲ್ಲು!"

ನೋಡಿದೆ. ಎಡಭುಜ, ಪೂರ್ತಿ ಒದ್ದೆ.

"ಕೊಡಪ್ಪ, ಒಗೆಸಿ ಕೊಡ್ತೀನಿ" ಎಂದೆ. ನನ್ನ ಅಂಗಿ ಮನೆಯಿಂದ ಹೊರಟಾಗ ಹೇಗಿತ್ತೋ ಹಾಗೇ ಇತ್ತು, ಇಸ್ತ್ರಿಯ ಗೆರೆ ಕೂಡ ಮುರಿದಿರಲಿಲ್ಲ.