ನಮ್ಮ ಮಾಮಾನ ಬೂದಿ ರಸ್ತೆ

ನಮ್ಮ ಮಾಮಾ ಮದುವೆಗೆ ಹೋದರೆ ಮದುಮಕ್ಕಳ ಮುಖ ನೋಡುವುದಿಲ್ಲ, ಮಂಟಪದ ನೆಲ ನೋಡುತ್ತಾರೆ. ಉತ್ಪ್ರೇಕ್ಷೆ ಅನ್ನಿಸಿತೇ? ವಿಜಯಪುರದಲ್ಲಿ ನಡೆದ ನಮ್ಮ ಸಂಬಂಧಿಕರ ಮದುವೆಯಲ್ಲಿ ನಾವೆಲ್ಲ ಅಕ್ಷತೆ ಹಿಡಿದು ನಿಂತಿದ್ದಾಗ ಇವರು ಕಾರ್ಪೆಟ್ಟಿನ ತುದಿ ಎತ್ತಿ, ಕೆಳಗಿನ ಕಾಂಕ್ರೀಟನ್ನು ಉಗುರಿನಿಂದ ಗೀರುತ್ತ ಕುಳಿತಿದ್ದರು. ಹುಡುಗನ ಕಡೆಯ ಹಿರಿಯರೊಬ್ಬರು ಏನೋ ಉಂಗುರ ಕಳೆದಿದೆ ಎಂದು ತಿಳಿದು ತಾವೂ ಕುಳಿತು ಹುಡುಕತೊಡಗಿದರು. ಅವರನ್ನು ನೋಡಿ ಇನ್ನಿಬ್ಬರು ಕುಳಿತರು. ತಾಳಿ ಕಟ್ಟುವ ಹೊತ್ತಿಗೆ ಆ ಸಾಲಿನಲ್ಲಿ ನಿಂತವರಿಗಿಂತ ಕುಳಿತವರೇ ಹೆಚ್ಚು.

"ಏನ್ ಕಳದೈತ್ರಿ ನಿಮ್ದು?" ಎಂದು ಕೊನೆಗೆ ಆ ಹಿರಿಯರು ಕೇಳಿದರು.

"ಕಳದದ್ದು ಏನಿಲ್ರಿ. ನೆಲಕ್ಕ ನೀರು ಸರಿ ಉಣಿಸಿಲ್ಲ. ಬರೇ ಧೂಳು ಏಳಾಕತ್ತೈತಿ ನೋಡ್ರಿ."

ಇಂಥವರು ನನ್ನ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುತ್ತೇವೆ. ಸರಕಾರಿ ಕಚೇರಿಯೊಂದರಲ್ಲಿ ನಕಾಶೆ ತೆಗೆಯುವ ಕೆಲಸದಲ್ಲಿದ್ದರು. ಜೀವನವಿಡೀ ಕಾಗದದ ಮೇಲೆ ರಸ್ತೆ ಎಳೆದವರು. ಒಂದು ಮೊಳ ರಸ್ತೆಯನ್ನೂ ಕೈಯಾರೆ ಮಾಡಿದವರಲ್ಲ. ನಿವೃತ್ತಿಯಾದ ಮೇಲೆ ಆ ಹಸಿವೆಲ್ಲ ಒಮ್ಮೆಗೇ ಎದ್ದಿತು.

ನಾನು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿ ನಿವೃತ್ತಳಾದವಳು. ಈಗಲೂ ಗಂಟೆ ಹೊಡೆಯುವ ಮೊದಲೇ ಏಳುತ್ತೇನೆ. ಗಂಟೆ ಹೊಡೆಯುವವರು ಯಾರೂ ಇಲ್ಲ, ಅದು ಬೇರೆ ಮಾತು. ನನ್ನ ಮನೆಯಲ್ಲಿ ಚಪ್ಪಲಿಗಳು ಬಾಗಿಲ ಹೊರಗೆ, ತುದಿ ಹೊರಮುಖವಾಗಿ, ಜೋಡಿ ಜೋಡಿಯಾಗಿ ನಿಲ್ಲುತ್ತವೆ. ಟಿಕೋಟಾದಲ್ಲಿರುವ ಮಾಮಾನ ಅಂಗಳಕ್ಕೆ ಕಾಲಿಟ್ಟರೆ ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯುವುದಿಲ್ಲ. ಒಂದು ಕಡೆ ಒಡೆದ ಹಂಚು, ಇನ್ನೊಂದು ಕಡೆ ಕಿತ್ತ ಫರಸಿ ಕಲ್ಲು, ಮಧ್ಯದಲ್ಲಿ ಬೂದಿಯ ಚೀಲಗಳು. ಅವುಗಳ ಮೇಲೆ ಆರಾಮಾಗಿ ಮಲಗಿದ ಬೆಕ್ಕು. ಅದರ ಮೂಲ ಬಣ್ಣ ಬಿಳಿಯಂತೆ, ನಾನು ನೋಡಿಲ್ಲ.

ಇದನ್ನೆಲ್ಲ ಹುಚ್ಚು ಎಂದು ನಕ್ಕು ಬಿಡಬಹುದಿತ್ತು, ಅಕ್ಕನ ವಿಷಯ ಇಲ್ಲದಿದ್ದರೆ.

ಅಕ್ಕನಿಗೆ ಲಕ್ವಾ ಹೊಡೆದು ಎಡಗಾಲು ಸೋತಿದೆ. ನಾಲ್ಕು ಕಾಲಿನ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾಳೆ. ಆದರೆ ಮನೆಯಿಂದ ಪಕ್ಕಾ ರಸ್ತೆಯವರೆಗಿನ ಓಣಿ ಪೂರಾ ಎರೆಮಣ್ಣು. ಒಂದು ಮಳೆ ಬಿದ್ದರೆ ಸಾಕು, ವಾಕರಿನ ಕಾಲುಗಳು ಹೂತು ನಿಲ್ಲುತ್ತವೆ. ಊರಿನ ಎಲ್ಲ ಕಟ್ಟೆಗಳ ಮೇಲೂ ಕುಳಿತು ಮಾತಾಡಿ ಬರುತ್ತಿದ್ದ ಹೆಂಗಸು ಕಳೆದ ಮಳೆಗಾಲವಿಡೀ ಹೊಸ್ತಿಲ ಒಳಗೆ ಕುಳಿತಳು. ನನ್ನ ಮನೆಯ ನೆಲ ನುಣುಪು, ಎದುರಿಗೇ ಉದ್ಯಾನ. ನಾನು ತೀರ್ಮಾನ ಹೇಳಿಬಿಟ್ಟೆ: "ಅಕ್ಕನ್ನ ವಿಜಾಪುರಕ್ಕ ಕರಕೊಂಡು ಹೋಗ್ತೀನಿ."

ಮಾಮಾ ಗಾಬರಿಯಾದರು. "ಮುಂದಿನ ಮಳಿಗಾಲದಾಗ ಈ ಓಣಿ ಹಿಂಗ ಇರೂದಿಲ್ಲ," ಎಂದರು.

"ಯಾರ್ ಮಾಡ್ತಾರ?"

"ನಾ ಮಾಡ್ತೀನಿ."

"ಯಾತರಿಂದ ಮಾಡ್ತೀರಿ?"

ಅವರು ಅಂಗಳದ ಕಸದ ಗುಡ್ಡೆಗಳ ಕಡೆ ಕೈ ತೋರಿಸಿದರು. ನಾನು ನಕ್ಕೆ. ಕೊನೆಗೆ ಮಾತಾದದ್ದು ಇಷ್ಟು: ಮುಂದಿನ ಮಳೆಗಾಲದ ಮೊದಲ ದೊಡ್ಡ ಮಳೆಗೆ ನಾನು ಚೀಲ ಹಿಡಿದು ಬರುವುದು. ಅಕ್ಕ ಮನೆಯಿಂದ ಪಕ್ಕಾ ರಸ್ತೆಯವರೆಗೆ ತಾನೇ ನಡೆದು ಬಂದರೆ ಇಲ್ಲೇ ಇರುವುದು. ಇಲ್ಲದಿದ್ದರೆ ಅವಳ ಸೀರೆಗಳು ನನ್ನ ಚೀಲಕ್ಕೆ.

"ನನ್ನ ಒಂದ್ ಮಾತ್ ಕೇಳವ್ರು ಯಾರರ ಅದೀರಿ?" ಎಂದಳು ಅಕ್ಕ ಹಾಸಿಗೆಯ ಮೇಲಿಂದ.

ನಾವಿಬ್ಬರೂ ಅವಳ ಕಡೆ ತಿರುಗಿದೆವು.

"ಎಲ್ಲೆರ ಇಡ್ರಿ. ಆದ್ರ ಹೊರಗ ಹೋಗಿ ನಾಕ್ ಮಂದಿ ಮಾರಿ ನೋಡೂವಂಗ ಮಾಡ್ರಿ. ಅಷ್ಟ ಸಾಕು."

ಅಂದಿನಿಂದ ಮಾಮಾನ ಸ್ಕೂಟರಿಗೆ ವಿಶ್ರಾಂತಿ ಇಲ್ಲದಾಯಿತು. ತೊರವಿಯ ಕಡೆ ಬೂದಿಯಿಂದ ಇಟ್ಟಂಗಿ ಮಾಡುವವರ ಹತ್ತಿರ ಹೋಗಿ ಚೀಲಗಟ್ಟಲೆ ಬೂದಿ ತಂದರು. ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುವಲ್ಲಿ ಉಳಿಯುವ ಬೂದಿ. ಹೊಗೆಯ ಜೊತೆ ಹಾರುವ ನುಣುಪು ಬೂದಿ ಒಂದಿಷ್ಟು ಸಿಮೆಂಟಿನ ಬದಲಿಗೆ. ಒಲೆಯ ತಳದಲ್ಲಿ ಬೀಳುವ ಒರಟು ಬೂದಿ ಒಂದಿಷ್ಟು ಉಸುಕಿನ ಬದಲಿಗೆ. "ಇಂಥಾ ಹೊಲಸು ಮನಿ ಮುಂದ ಯಾಕ್ರಿ?" ಎಂದರೆ ನನ್ನನ್ನೇ ಕಟಕಟೆಗೆ ಹತ್ತಿಸಿದರು.

"ವಾರ್ಡನ್ ಬಾಯಿ, ನಿನ್ನ ಮನ್ಯಾಗ ಫ್ಯಾನ್ ತಿರಗತೈತಿಲ್ಲೊ?"

"ತಿರಗತೈತಿ."

"ಅದು ತಿರಗಿದ್ದರ ಬೂದಿ ಇದು. ನೀ ಗಾಳಿ ತಗೋ, ನಾ ಬೂದಿ ತಗೋತೀನಿ. ಜಗಳ ಯಾಕ?"

ಆ ದಿನ ಮನೆಗೆ ಬಂದು ಫ್ಯಾನ್ ಹಾಕಲು ಸ್ವಲ್ಪ ಸಂಕೋಚವಾಯಿತು. ಆಮೇಲೆ ಸೆಕೆ ಹೆಚ್ಚಾಯಿತು, ಹಾಕಿದೆ.

ಗಾಂಧಿ ಚೌಕದಲ್ಲಿ ಯಾವುದೇ ಹಳೆಯ ಅಂಗಡಿ ಕೆಡವಲಿ, ಮಾಲೀಕನಿಗಿಂತ ಮೊದಲು ಮಾಮಾ ಹಾಜರ್. ಒಂದು ಸಲ ಕೈಯಲ್ಲಿ ಗೋಣಿಚೀಲ ಹಿಡಿದು, ತಲೆಯಿಂದ ಕಾಲಿನವರೆಗೆ ಧೂಳಾಗಿ ಒಂದು ಅಂಗಡಿಯ ಮುಂದೆ ನಿಂತಿದ್ದಾಗ ಪುಣ್ಯಾತ್ಗಿತ್ತಿಯೊಬ್ಬಳು ಮರುಗಿ ಕೈಗೆ ಬಾಳೆಹಣ್ಣು ಕೊಟ್ಟು ಹೋದಳು. ಇವರು ಬೇಡ ಎನ್ನಲಿಲ್ಲ. ತಿಂದು, ಸಿಪ್ಪೆಯನ್ನು ಅದೇ ಚೀಲಕ್ಕೆ ಹಾಕಿಕೊಂಡರು. ಅದೂ ರಸ್ತೆಗೆ ಬರುತ್ತದೆ ಎಂದು ಎಲ್ಲಿ ಹೇಳಿಬಿಡುತ್ತಾರೋ ಎಂದು ನಾನು ಕೇಳಲು ಹೋಗಲಿಲ್ಲ.

ಆದರೆ ಅರಕೇರಿಯಲ್ಲಿ ಮಾಡಿದ್ದನ್ನು ಮಾತ್ರ ನನಗೆ ಸಹಿಸಲಾಗಲಿಲ್ಲ. ಅರಕೇರಿ ನಮ್ಮ ತವರು. ಅಣ್ಣನ ಮಗ ಹೊಸ ಮನೆ ಕಟ್ಟಿಸಬೇಕೆಂದು ಹಳೆಯ ಕಲ್ಲಿನ ಮನೆ ಕೆಡವಿಸಿದ. ಅದು ಅವನ ಅನುಕೂಲ, ನಾವು ಬೇಡ ಎನ್ನುವಂತಿರಲಿಲ್ಲ. ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆವು. ಅವಳು ಕಿಟಕಿಯಿಂದ ನೋಡುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಅಳುವವಳಲ್ಲ, ಆದರೂ ಕರವಸ್ತ್ರ ಹೊರಗೆ ತೆಗೆದೆ. ಮಾಮಾ ಏನು ಮಾಡುತ್ತಿದ್ದರು ಗೊತ್ತೇ? ಜೇಸಿಬಿಯ ಮುಂದೆ ಕೈ ಅಡ್ಡ ಹಿಡಿದು ನಿಂತಿದ್ದರು.

"ತಮ್ಮಾ, ಪಡಸಾಲಿ ಕಲ್ಲು ಒಂದ್ ಕಡೆ ಹಾಕು. ಅಡಿಗಿ ಮನಿದು ಇನ್ನೊಂದ್ ಕಡೆ. ಕಲಸಬ್ಯಾಡ."

"ಕಾಕಾ, ಇದು ಜೇಸೀಬಿ ಐತ್ರಿ," ಎಂದ ಚಾಲಕ. "ಚಮಚ ಅಲ್ಲ."

ಆದರೂ ಬಿಡಲಿಲ್ಲ. ಒಂದೊಂದು ಕೋಣೆಯ ಕಲ್ಲನ್ನು ಬೇರೆ ಬೇರೆ ಚೀಲಕ್ಕೆ ತುಂಬಿಸಿ, ಅಕ್ಕನ ಹಳೆಯ ಸೀರೆಗಳ ಬಣ್ಣ ಬಣ್ಣದ ಅಂಚು ಹರಿದು ಬಾಯಿ ಕಟ್ಟಿಸಿದರು. ಅವರಲ್ಲಿ ಅಷ್ಟು ಶಿಸ್ತನ್ನು ನಾನು ಮೊದಲ ಸಲ ಕಂಡೆ. ಅದೂ ಒಡೆದ ಕಲ್ಲಿನ ವಿಷಯದಲ್ಲಿ. "ಮಾಮಾ, ನಾವು ಅಳಾಕತ್ತೀವಿ, ನೀವು ಖಡಿ ಆರಿಸಾಕತ್ತೀರಿ. ಮನಸ ಅನ್ನೂದು ಐತೋ ಇಲ್ಲೋ ನಿಮಗ?" ಎಂದೆ.

"ಹಸರ ಅಂಚು ಅಡಿಗಿ ಮನಿ," ಎಂದರು ಅವರು ಟೆಂಪೋದವನಿಗೆ. "ನೆನಪ ಇಟ್ಟಗೋ."

ಸಂಕ್ರಾಂತಿಯ ಹೊತ್ತಿಗೆ ಪ್ರಯೋಗಕ್ಕೆಂದು ಬಾಗಿಲ ಮುಂದೆ ಒಂದು ಸಣ್ಣ ಚೌಕ ಹಾಕಿದರು. ಅದೇ ದಿನ ಅಕ್ಕ ಎಳ್ಳು ಹಚ್ಚಿದ ಭೋಗಿಯ ರೊಟ್ಟಿಗಾಗಿ ಗಿರಣಿಯಿಂದ ಸಜ್ಜೆ ಹಿಟ್ಟು ಬೀಸಿಸಿ ತರಿಸಿದ್ದಳು. ನಿಮಗೆ ಗೊತ್ತಿರಬೇಕು, ಸಜ್ಜೆ ಹಿಟ್ಟಿಗೂ ಆ ನುಣುಪು ಬೂದಿಗೂ ಬಣ್ಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮಾಮಾ ಚೀಲದ ಬೂದಿಯನ್ನು ಇಟ್ಟದ್ದು ಡಬ್ಬಿಯಲ್ಲಿ. ಅಕ್ಕ ಹಿಟ್ಟು ಇಡಿಸಿದ್ದೂ ಡಬ್ಬಿಯಲ್ಲಿ. ಎರಡೂ ಕಟ್ಟೆಯ ಮೇಲೆ.

ಒಳಗೆ ಅಕ್ಕ ಕುಳಿತು ನಾದಿಯೇ ನಾದಿದಳು. "ಈ ಸಲದ ಸಜ್ಜಿ ಯಾಕೋ ಜಿಗಿನ ಹಿಡೀವಲ್ದು ಬೇ," ಎಂದು ಫೋನಿನಲ್ಲಿ ನನಗೆ ದೂರಿದಳು. ಹೊರಗೆ ಮಾಮಾ, ಈ ಸಲ ಕಾಂಕ್ರೀಟ್ ಬಹಳ ಜಿಗುಟಾಗಿದೆ ಎಂದು ಹಿಗ್ಗುತ್ತಿದ್ದರು. ಮರುದಿನ ಆ ಚೌಕಕ್ಕೆ ಇರುವೆ ಮುತ್ತಿದವು. ಅದರ ಮರುದಿನ ಎದುರುಮನೆ ಶಾಂತವ್ವನ ಕೋಳಿಗಳು ಬಂದು ರಸ್ತೆಯನ್ನು ಕುಕ್ಕತೊಡಗಿದವು. ರಸ್ತೆಯನ್ನು ತಿಂದವರ ಸುದ್ದಿ ನಾವು ಬಹಳ ಕೇಳಿದ್ದೇವೆ. ಕೋಳಿ ತಿಂದದ್ದು ಇದೇ ಮೊದಲು.

ನಾನು ಹೋದಾಗ ಮಾಮಾ ಕೋಳಿ ಓಡಿಸುತ್ತಿದ್ದರು. ಅಕ್ಕ ಬಾಗಿಲಲ್ಲಿ ವಾಕರ್ ಹಿಡಿದು ನಿಂತಿದ್ದಳು. "ರಸ್ತಾಕ್ಕ ಎಳ್ಳ ಹಚ್ಚೂದು ಒಂದು ಬಾಕಿ ಉಳದೈತಿ ನೋಡು," ಎಂದಳು. ಲಕ್ವಾ ಹೊಡೆದ ಮೇಲೆ ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗು ನಿಂತ ಮೇಲೆ ಮಾತ್ರ ಮೆಲ್ಲಗೆ ಕೇಳಿದಳು: "ನಿನ್ನ ಮನ್ಯಾಗ ನನಗ ಯಾವ ಕ್ವಾಣಿ ಕೊಡಾಕಿ?" ಮಾಮಾ ಕೋಳಿ ಓಡಿಸುವುದನ್ನು ನಿಲ್ಲಿಸಿದರು. ಅವರಿಗೂ ಕೇಳಿಸಿತ್ತು.

ಬೇಸಿಗೆಯಲ್ಲಿ ಇನ್ನೊಮ್ಮೆ ಹೋದೆ. ತಲೆಗೆ ಹೆಲ್ಮೆಟ್ ಹಾಕಿಕೊಂಡು ಅಂಗಳದಲ್ಲಿ ಕಲ್ಲು ಒಡೆಯುತ್ತಿದ್ದರು. ಸ್ಕೂಟರ್ ಮೇಲೆ ಹೋಗುವಾಗ ಆ ಹೆಲ್ಮೆಟ್ ಹಿಂದೆ ಕಟ್ಟಿರುತ್ತದೆ. ಒಡೆದ ಖಡಿಯನ್ನೆಲ್ಲ ಬಕೆಟ್‌ಗಳಲ್ಲಿ, ಬಟ್ಟೆ ತೊಳೆದು ಉಳಿದ ನೀರಿನಲ್ಲಿ ಮುಳುಗಿಸಿದ್ದರು.

"ಇದೇನ್ರಿ, ಉಸಳಿಗೆ ಕಾಳು ನೆನಿ ಹಾಕೀರೇನು?"

"ಹಳೀ ಕಲ್ಲಿಗೆ ಗಾರಿ ಹತ್ತಿರತೈತಿ. ಅದಕ್ಕ ನೀರಡಿಕಿ ಜಾಸ್ತಿ. ಈಗ ಕುಡಿಸಲಿಲ್ಲಂದ್ರ ಆಮ್ಯಾಲ ಸಿಮೆಂಟಿನ ಪಾಲಿನ ನೀರು ಕದ್ದು ಕುಡೀತೈತಿ."

ಗಾರೆ ಕೆಲಸದ ಗೌಂಡಿಯೊಬ್ಬನನ್ನು ಕರೆಸಿ, ಎರೆಮಣ್ಣು ತೆಗೆಸಿ, ದಪ್ಪಗೆ ಗರಸು ಮಣ್ಣು ಹಾಕಿ ಬಡಿಸಿದರು. ಅದರ ಮೇಲೆ ಉದ್ದಕ್ಕೂ ಒಂದೇ ಸಮನೆ ಹಾಕದೆ ಬಿಡಿ ಬಿಡಿ ಚೌಕಗಳಾಗಿ ಹಾಕಿಸಿದರು. ಕೆಳಗಿನ ಮಣ್ಣು ಉಬ್ಬಿದರೂ ಎಲ್ಲ ಕಡೆ ಬಿರುಕು ಬಿಡಬಾರದಂತೆ. ಮೇಲೆ ಕಾಲು ಜಾರದಂತೆ ಕಸಬರಿಗೆಯ ಗೀರು. ಪ್ರತಿಯೊಂದು ಚೌಕಕ್ಕೂ ಇಂಥ ಬಣ್ಣದ ಚೀಲದ್ದೇ ಖಡಿ ಎಂದು ಹಟ. ಗೌಂಡಿ ಬೇಸತ್ತ.

"ಸಾಹೇಬ್ರ, ಈ ರಸ್ತಾದ ಮ್ಯಾಲ ಅಕ್ಕೋರ ಅಡ್ಡಾಡ್ತಾರೋ, ಇಮಾನ ಇಳೀತೈತೋ?"

"ಇಮಾನ ಬಿದ್ರ ಬೀಳಲಿ ಬಿಡೊ. ಆಕಿ ಬೀಳಬಾರ್ದು."

ಬೂದಿ ಹಾಕಿದ ಕಾಂಕ್ರೀಟ್ ಸಾವಕಾಶ ಗಟ್ಟಿಯಾಗುತ್ತದಂತೆ. ಅದಕ್ಕೆ ತೊಯ್ದ ಗೋಣಿಚೀಲ ಹೊದಿಸಿ, ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡರು. ಒಂದು ನಾಯಿ ಸುಳಿಯುವಂತಿಲ್ಲ. ಶಾಂತವ್ವನ ಕೋಳಿಗಳಂತೂ ಓಣಿಯನ್ನೇ ಮರೆತವು.

ಮೊನ್ನೆ ಮಳೆ ಬಂತು. ಬಬಲೇಶ್ವರದ ಕಡೆಯಿಂದ ಕಪ್ಪಾಗಿ ಎದ್ದು ನಮ್ಮ ಊರುಗಳನ್ನೆಲ್ಲ ತೋಯಿಸಿತು. ಮರುದಿನ ಬೆಳಿಗ್ಗೆ ನಾನು ಖಾಲಿ ಚೀಲ ಹಿಡಿದು ಟಿಕೋಟಾ ಬಸ್ಸು ಹತ್ತಿದೆ. ಇಳಿದಾಗ ಇನ್ನೂ ಜಿನುಗುತ್ತಿತ್ತು. ಪಕ್ಕದ ಓಣಿಯಲ್ಲಿ ಎಮ್ಮೆಯೊಂದು ಕೆಸರಿನಿಂದ ಕಾಲು ಕಿತ್ತುಕೊಳ್ಳಲು ಒದ್ದಾಡುತ್ತಿತ್ತು. ಅಕ್ಕನ ಓಣಿಯ ತುದಿಯಲ್ಲಿ ಮಾಮಾ ಕೊಡೆ ಇಲ್ಲದೆ ನಿಂತಿದ್ದರು. ಆ ಕಡೆ ಹೊಸ್ತಿಲಲ್ಲಿ ಅಕ್ಕ, ವಾಕರ್ ಹಿಡಿದು.

ನಾನು ಮುಂದೆ ಹೆಜ್ಜೆ ಇಟ್ಟೆ.

"ನೀ ಅಲ್ಲೇ ನಿಂದ್ರು," ಎಂದು ಅಕ್ಕ ಕೂಗಿದಳು. "ನಾನ ಬರ್ತೀನಿ."

ವಾಕರ್ ಟಕ್ ಎಂದಿತು. ಹೂತುಕೊಳ್ಳಲಿಲ್ಲ. ಎಡಗಾಲು ಎಳೆಯುತ್ತ ಒಂದು ಚೌಕ ದಾಟಿದಳು, ನಿಂತಳು, ಸುಧಾರಿಸಿಕೊಂಡಳು. ಮತ್ತೆ ಟಕ್. ಶಾಂತವ್ವ ಬಾಗಿಲಿಗೆ ಬಂದು ನಿಂತಿದ್ದಳು. ನಾನು ನೆಲವನ್ನೇ ನೋಡುತ್ತಿದ್ದೆ, ಎಲ್ಲಿ ಬಿರುಕಿದೆ, ಎಲ್ಲಿ ಜಾರುತ್ತದೆ ಎಂದು. ಮಾಮಾನ ಕಡೆ ತಿರುಗಿದರೆ, ಅವರು ನೆಲ ನೋಡುತ್ತಿರಲಿಲ್ಲ. ಅಕ್ಕನ ಮುಖ ನೋಡುತ್ತಿದ್ದರು.

ರಸ್ತೆಗೆ ಹತ್ತಿದ ಕೊನೆಯ ಚೌಕದ ಮೇಲೆ ಬಂದು ನಿಂತು ಅಕ್ಕ ಏದುಸಿರು ಬಿಡುತ್ತ ನಕ್ಕಳು. "ಬಾ ತಂಗಿ, ಒಳಗ ಬಾ," ಎಂದಳು.

ನಡುಬೀದಿಯಲ್ಲಿ ಎಂಥ ಒಳಗೆ?

"ಇದು ಕಟ್ಟಿ," ಎಂದಳು, ಕಾಲ ಕೆಳಗಿನ ಚೌಕ ತೋರಿಸಿ. "ನಮ್ಮ ಅರಕೇರಿ ಮನಿ ಕಟ್ಟಿ. ಅಗೋ ಅದು ಪಡಸಾಲಿ, ಅಪ್ಪ ಕೂಡ್ತಿದ್ದನಲ್ಲ. ಅದರ ಮುಂದಿಂದು ಅಡಿಗಿ ಮನಿ. ಯಾವ ಕ್ವಾಣಿ ಕಲ್ಲು ಎಲ್ಲಿ ಹಾಕ್ಯಾರಂತ ಎಲ್ಲಾ ಹೇಳ್ಯಾರ ನನಗ. ಮನಿ ಹೆಂಗಿತ್ತೋ ಹಂಗ."

ಮಾಮಾ ಕೆಮ್ಮಿದರು. "ವಾರ್ಡನ್ ಬಾಯಿ, ಆ ಖಾಲಿ ಚೀಲ ಬಿಟ್ಟು ಹೋಗು. ಖಡಿ ತುಂಬಾಕ ಬರ್ತೈತಿ."

ಚೀಲ ಕೊಟ್ಟೆ. ಅಕ್ಕನ ಪಕ್ಕದಲ್ಲಿ ನಡೆದೆ. ಕಟ್ಟೆ ದಾಟಿ ಪಡಸಾಲೆಗೆ ಬಂದೆವು, ಪಡಸಾಲೆ ದಾಟಿ ಅಡುಗೆಮನೆಗೆ. ಅಕ್ಕನ ಹೊಸ್ತಿಲಿಗೆ ಹತ್ತಿದ ಚೌಕ ಒಂದೇ ಉಳಿದಿತ್ತು. ಅದು ಯಾವುದೆಂದು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಡುಗೆಮನೆಯ ಆಚೆಗೆ ಆ ಮನೆಯಲ್ಲಿ ಇದ್ದದ್ದು ದೇವರ ಮನೆಯೊಂದೇ.

ಜಿನುಗು ಮಳೆಯಲ್ಲಿ, ಓಣಿಯ ನಡುವೆ, ನಾನು ಚಪ್ಪಲಿ ಬಿಟ್ಟೆ. ತುದಿ ಹೊರಮುಖವಾಗಿ ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಹೋದೆ.