ಪುಷ್ಕರನ್ ಅವರ ಮೂತ್ರಕ್ಕೆ ಇಬ್ಬರು ಸಾಕ್ಷಿಗಳು

ಕುಟ್ಟನಾಡಿನ ನಮ್ಮ ದೋಣಿ ಸಾರಿಗೆ ಉಪಕಚೇರಿಯಲ್ಲಿ, ಆರೋಗ್ಯ ತಪಾಸಣೆಯ ದಿನ ಚಾಲಕರ ಮೂತ್ರವು ಇಬ್ಬರು ನೌಕರರ ಸಮ್ಮುಖದಲ್ಲಿಯೇ ಹೊರಬರತಕ್ಕದ್ದು. ಹಿಂದೊಮ್ಮೆ ಯಾರೋ ಸೀಸೆಯಲ್ಲಿ ಹಾಲಿಲ್ಲದ ಚಹಾ ತಂದುಕೊಟ್ಟು, ಅದು ತಪಾಸಣೆಯಲ್ಲಿ ತೇರ್ಗಡೆಯಾಗಿದ್ದರಿಂದ ಈ ಏರ್ಪಾಡು.

ಹಿರಿಯ ಚಾಲಕ ಪುಷ್ಕರನ್ ತೇರ್ಗಡೆಯಾಗದಿದ್ದರೆ ದೋಣಿ ಬಿಟ್ಟು, ದಡದ ಜೆಟ್ಟಿಯಲ್ಲಿ ಹಗ್ಗ ಕಟ್ಟುವ ಕೆಲಸಕ್ಕೆ ಇಳಿಯಬೇಕಿತ್ತು. ಅವರು ಸೀಸೆ ಹಿಡಿದು ನಿಂತರು. ಬರಲಿಲ್ಲ.

"ಆಯ್ತಾ?" ಎಂದರು ಮೊದಲ ಸಾಕ್ಷಿ, ಸೂಪರಿಂಟೆಂಡೆಂಟ್ ಸುಗುಣಾನಂದನ್.

"ನೀವು ಹೀಗೆ ನೋಡ್ತಾ ನಿಂತ್ರೆ ಎಲ್ಲಿಂದ ಬರ್ಬೇಕು ಸಾರ್?"

"ಅಯ್ಯೋ, ನಮ್ಮ ಮದುಮಗಳಿಗೆ ನಾಚಿಕೆ!" ಎಂದ ಎರಡನೆಯ ಸಾಕ್ಷಿ, ಟಿಕೆಟ್ ಕೊಡುವ ಶಶಾಂಕನ್.

ಡಾಕ್ಟರ್ ಏಲಿಯಮ್ಮ ಬಾಗಿಲಾಚೆಯಿಂದ ಕೇಳಿದರು: "ನೆಗಡಿ ಮಾತ್ರೆ ನುಂಗಿದ್ರಾ ಚೇಟಾ? ಅದೂ ಮೂತ್ರ ಹಿಡಿದು ನಿಲ್ಸುತ್ತೆ. ಮಲ ಕಟ್ಟಿದ್ಯಾ? ಪಕ್ಕದಲ್ಲಿ ಜನ ಇದ್ರೂ ಕೆಲವ್ರಿಗೆ ಬರಲ್ಲ. ಮನೇಲಿ ಹೇಗೆ?"

"ಮನೇಲೂ ಈಚೆಗೆ ತಡವೇ ಡಾಕ್ಟ್ರೇ. ನಿಂತೂ ನಿಂತೂ ಕಾಲು ಜೋಮು ಹಿಡಿಯುತ್ತೆ."

"ಹಾಗಾದ್ರೆ ಪ್ರಾಸ್ಟೇಟ್ ಗ್ರಂಥಿ ಊದಿರಬಹುದು. ಈ ವಯಸ್ಸಲ್ಲಿ ಸಾಮಾನ್ಯ. ಒಮ್ಮೆ ನೋಡಿಬಿಡೋಣ."

"ಗ್ರಂಥಿ ನಮ್ಮ ಇಲಾಖೆಗೆ ಬರಲ್ಲ ಡಾಕ್ಟ್ರೇ," ಎಂದರು ಸುಗುಣಾನಂದನ್. "ನಮಗೆ ಮೂತ್ರ ಸಾಕು."

ನಲ್ಲಿ ಬಿಡಲಾಯಿತು. ಫಲವಿಲ್ಲ. ಆಗ ಸೂಪರಿಂಟೆಂಡೆಂಟರ ಮೌಖಿಕ ಆದೇಶದಂತೆ ಸಿಬ್ಬಂದಿಯೆಲ್ಲ ಹೊರಗೆ ಸಾಲಾಗಿ ಕೂತು, ಪಂದ್ಯದ ಹಾವುದೋಣಿಯಲ್ಲಿ ಹುಟ್ಟು ಹಾಕುವವರಂತೆ ತೊಡೆ ತಟ್ಟಿ ದೋಣಿಹಾಡು ಎತ್ತಿದರು. ಮಹಿಳಾ ಸಿಬ್ಬಂದಿಯಾದ ನಾವು ಗೋಡೆಗೆ ಮುಖ ಮಾಡಿ ಹಾಡಿದೆವು.

ನಲ್ಲಿಯ ಸದ್ದು, ಹಾಡು ಎರಡೂ ಸೇರಿ ಕೊನೆಗೆ ಪರಿಣಾಮ ಬೀರಿದವು. ಬೀರಿದ್ದು ಸುಗುಣಾನಂದನ್ ಅವರ ಮೇಲೆ.

"ಕೊಡಯ್ಯಾ ಇಲ್ಲಿ!" ಎಂದು ಸೀಸೆ ಕಿತ್ತುಕೊಂಡರು. ಕ್ಷಣದಲ್ಲಿ ತುಂಬಿತು. ಶಶಾಂಕನ್ ಮತ್ತು ಪುಷ್ಕರನ್, ಇಬ್ಬರು ನೌಕರರು ಕಣ್ಣಾರೆ ಕಂಡದ್ದರಿಂದ ನಿಯಮಕ್ಕೆ ಚ್ಯುತಿ ಬರಲಿಲ್ಲ. ಸೀಸೆಯ ಮೇಲೆ ಪುಷ್ಕರನ್ ಹೆಸರು ಮೊದಲೇ ಅಂಟಿಸಲಾಗಿತ್ತು.

ವರದಿಯಲ್ಲಿ ಸಕ್ಕರೆ ವಿಪರೀತವಿತ್ತು. ಸಿಹಿ ಬಿಡುವ ಷರತ್ತಿನ ಮೇಲೆ ಪುಷ್ಕರನ್ ದೋಣಿ ನಡೆಸಬಹುದೆಂದು ಆದೇಶವಾಯಿತು. ಕಚೇರಿಯ ಓಣಂ ಊಟದಲ್ಲಿ ಅವರ ಪಾಲಿನ ಪಾಯಸವನ್ನು ಸುಗುಣಾನಂದನ್ ತಮ್ಮ ಎಲೆಗೆ ಬಡಿಸಿಕೊಂಡರು. "ನಿಮ್ಮ ಆರೋಗ್ಯ ಮುಖ್ಯ ಕಣ್ರೀ."

"ದೋಣಿ ಉಳೀತಲ್ಲ, ಅಷ್ಟು ಸಾಕು ಸಾರ್."

ಈಗ ಪುಷ್ಕರನ್ ಸಪ್ಪೆ ಚಹಾ ಕುಡಿಯುತ್ತಾರೆ. ಪ್ರತಿ ಜೆಟ್ಟಿಯಲ್ಲೂ ಇಳಿದು ತೆಂಗಿನ ಮರದ ಹಿಂದೆ ಬಹಳ ಹೊತ್ತು ನಿಲ್ಲುತ್ತಾರೆ. ದೋಣಿಯ ವೇಳಾಪಟ್ಟಿಯನ್ನು ಅದಕ್ಕೆ ತಕ್ಕಂತೆ ತಿದ್ದಲಾಗಿದೆ. ಪ್ರಯಾಣಿಕರು ದೂರು ಕೊಟ್ಟಿಲ್ಲ. ಅವರು ಕೂತಲ್ಲೇ ತೊಡೆ ತಟ್ಟಿ ಹಾಡುತ್ತಾರೆ. ಹೆಂಗಸರು ಆಚೆ ದಡಕ್ಕೆ ಮುಖ ಮಾಡಿರುತ್ತಾರೆ.